ಸುವರ್ಣಯುಗಗಳ ಕಾಲನಿರ್ಣಯ: ಕೇರಳದ ‘ನವೋತ್ಥಾನ’ವನ್ನು ಕನ್ನಡದಿಂದ ಓದುವಾಗ

ಶಾಸನವೊಂದು ದೊರೆತಾಗ ಅದರ ಲಿಪಿಯನ್ನು ಪರೀಕ್ಷಿಸಿ, ತಿಥಿವಾರಗಳ ಹೊಂದಾಣಿಕೆಯನ್ನು ನೋಡಿ, ಅರಸನ ಹೆಸರನ್ನು ಬೇರೆ ಶಾಸನಗಳೊಡನೆ ತಾಳೆಹಾಕಿ ಕಾಲವನ್ನು ನಿರ್ಣಯಿಸುವುದು ನಮ್ಮ ವಿದ್ವತ್ಪರಂಪರೆಯಲ್ಲಿ ನೆಲೆಗೊಂಡ ಕ್ರಮ. ಆದರೆ ‘ಸುವರ್ಣಯುಗ’ವೆಂಬ ಮಾತು ಎದುರಾದಾಗ ಇದೇ ವಿದ್ವಾಂಸರು ಈ ಎಚ್ಚರವನ್ನು ಬದಿಗಿಡುತ್ತಾರೆ. ಆ ಯುಗವು ಯಾವ ಶತಮಾನಕ್ಕೆ ಸೇರಿದುದೆಂದು ಹೇಳುತ್ತಾರೆ. ಅದನ್ನು ಸುವರ್ಣವೆಂದು ಕರೆದದ್ದು ಯಾವ ಶತಮಾನ ಎಂದು ಕೇಳುವುದಿಲ್ಲ. ಈ ಎರಡನೆಯ ಕಾಲನಿರ್ಣಯವನ್ನು ಕೇರಳದ ಎರಡು ನಗರಗಳ ಸುತ್ತ, ಅಂದರೆ ತಿರುವನಂತಪುರ ಮತ್ತು ಕೊಚ್ಚಿಗಳ ಸುತ್ತ ಬೆಳೆದಿರುವ ಕೆಲವು ಜನಪ್ರಿಯ ನಂಬಿಕೆಗಳ ಮಟ್ಟಿಗೆ ಮಾಡಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ರಾಜ್ಯದ ಹೊರಗಿದ್ದುಕೊಂಡು ಕನ್ನಡ ಸಂಶೋಧನೆ ಮಾಡುವವರಿಗೆ ಈ ನೆರೆಮನೆಯ ಉದಾಹರಣೆ ಏಕೆ ಮುಖ್ಯವೆಂಬುದು ಮುಂದೆ ಸ್ಪಷ್ಟವಾದೀತು.

ಯುರೋಪಿನ ರೆನೈಸಾನ್ಸಿನ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕಲೆಯ ಮರುಹುಟ್ಟನ್ನು ಕುರಿತು ವಸಾರಿ 1550ರಲ್ಲಿಯೇ ಮಾತನಾಡಿದ್ದನಾದರೂ ಅದನ್ನು ಒಂದು ಇಡೀ ಯುಗದ ಹೆಸರಾಗಿ ನಿಲ್ಲಿಸಿದವರು ಹತ್ತೊಂಬತ್ತನೆಯ ಶತಮಾನದವರು: 1855ರಲ್ಲಿ ಫ್ರಾನ್ಸಿನ ಮಿಶಲೇ, 1860ರಲ್ಲಿ ಸ್ವಿಟ್ಜರ್ಲೆಂಡಿನ ಬುರ್ಕ್‌ಹಾರ್ಟ್. ಅವರು ಕಟ್ಟಿದ ಕತ್ತಲೆ-ಬೆಳಕುಗಳ ಚಿತ್ರವನ್ನು ಹಾಸ್ಕಿನ್ಸ್ 1927ರಲ್ಲಿ ಹನ್ನೆರಡನೆಯ ಶತಮಾನದಲ್ಲೇ ಒಂದು ಪುನರುಜ್ಜೀವನವನ್ನು ತೋರಿಸಿ ಕದಡಿದ. ಹೆಂಗಸರಿಗೂ ಒಂದು ರೆನೈಸಾನ್ಸ್ ಇತ್ತೇ ಎಂದು 1977ರಲ್ಲಿ ಜೋನ್ ಕೆಲ್ಲಿ ಕೇಳಿದ ಪ್ರಶ್ನೆಯ ನಂತರವಂತೂ ಆ ಚಿತ್ರ ಮೊದಲಿನಂತೆ ಉಳಿಯಲಿಲ್ಲ. ಫ್ಲಾರೆನ್ಸ್ ನಗರವು 1363ರಲ್ಲಿ ಕ್ರೈಸ್ತರಲ್ಲದ ಗುಲಾಮರನ್ನು ತರಿಸಿಕೊಳ್ಳಲು ಅನುಮತಿ ನೀಡಿತ್ತೆಂಬ ಸಂಗತಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ. ಕಲೆಯ ವೈಭವದ ಪಕ್ಕದಲ್ಲಿ ಗುಲಾಮರ ಲೆಕ್ಕವಿರುವುದು ಫ್ಲಾರೆನ್ಸಿನ ವಿಶೇಷವೇನೂ ಅಲ್ಲ.

ತಿರುವನಂತಪುರದ ಮಟ್ಟಿಗೆ ಸುವರ್ಣಯುಗವೆಂದರೆ ಸ್ವಾತಿ ತಿರುನಾಳ್ ಮಹಾರಾಜನ ಆಳ್ವಿಕೆ. 1813ರಲ್ಲಿ ಹುಟ್ಟಿ, 1829ರಿಂದ 1846ರವರೆಗೆ ತಿರುವಾಂಕೂರನ್ನು ಆಳಿ, ಮೂವತ್ತಮೂರರ ಎಳೆಯ ಪ್ರಾಯದಲ್ಲಿ ತೀರಿಕೊಂಡ ಈ ಅರಸನು ಸಂಸ್ಕೃತ, ಮಲಯಾಳ, ತೆಲುಗು, ಹಿಂದೂಸ್ಥಾನಿಗಳಲ್ಲಿಯೂ, ಬೆರಳೆಣಿಕೆಯಷ್ಟಾದರೂ ಕನ್ನಡದಲ್ಲಿಯೂ ಕೃತಿಗಳನ್ನು ರಚಿಸಿದನೆಂಬ ಖ್ಯಾತಿಯಿದೆ. ಅವನ ಆಸ್ಥಾನದಲ್ಲಿ ತಂಜಾವೂರಿನ ವಡಿವೇಲು ಇದ್ದ. ಇರಯಿಮ್ಮನ್ ತಂಪಿ ಇದ್ದ. 1834ರಲ್ಲಿ ಇಂಗ್ಲಿಷ್ ಶಾಲೆ, 1837ರಲ್ಲಿ ನಕ್ಷತ್ರ ವೀಕ್ಷಣಾಲಯ, 1836ರಲ್ಲಿ ಜನಗಣತಿ: ಪಠ್ಯಪುಸ್ತಕಗಳು ಎಣಿಸುವ ಸಾಧನೆಗಳಿವು. 1987ರಲ್ಲಿ ಲೆನಿನ್ ರಾಜೇಂದ್ರನ್ ನಿರ್ದೇಶಿಸಿದ ಚಲನಚಿತ್ರದಲ್ಲಿ ಈ ಅರಸನ ಪಾತ್ರವನ್ನು ನಮ್ಮ ಅನಂತನಾಗ್ ಅಭಿನಯಿಸಿದುದರಿಂದ ಕನ್ನಡಿಗರಿಗೂ ಆ ಮುಖ ಅಪರಿಚಿತವಲ್ಲ.

ಈ ಸಾಧನೆಗಳಲ್ಲಿ ಒಂದಾದ 1836ರ ಜನಗಣತಿಯನ್ನೇ ಎತ್ತಿಕೊಳ್ಳೋಣ. ಅದರ ಪ್ರಕಾರ ಸಂಸ್ಥಾನದ ಜನಸಂಖ್ಯೆ 12,80,668. ಇವರಲ್ಲಿ ಗುಲಾಮರು 1,64,864. ಎಂಟು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಭೂಮಿಯೊಡನೆಯೋ ಭೂಮಿಯಿಲ್ಲದೆಯೋ ಮಾರಲು, ಅಡವಿಡಲು, ಬಾಡಿಗೆಗೆ ಕೊಡಲು ಬರುವ ಆಸ್ತಿಯಾಗಿದ್ದರು. ವೀಕ್ಷಣಾಲಯ ಕಟ್ಟಿದ, ಕೃತಿಗಳು ಹುಟ್ಟಿದ ಹದಿನೇಳು ವರ್ಷಗಳ ಉದ್ದಕ್ಕೂ ಈ ವ್ಯವಸ್ಥೆ ಶಾಸನಬದ್ಧವಾಗಿಯೇ ಇತ್ತು. ಕೊಚ್ಚಿಯಲ್ಲಿ ಅದನ್ನು 1854ರಲ್ಲಿ, ತಿರುವಾಂಕೂರಿನಲ್ಲಿ 1855ರಲ್ಲಿ ರದ್ದುಪಡಿಸಲಾಯಿತು. ಈ ಎರಡನೆಯದು ಮಿಶಲೇ ತನ್ನ ‘ರೆನೈಸಾನ್ಸ್’ ಸಂಪುಟವನ್ನು ಪ್ರಕಟಿಸಿದ ವರ್ಷವೇ ಎಂಬುದು ಆಕಸ್ಮಿಕ. ಆದರೂ ನೆನಪಿಡತಕ್ಕ ಆಕಸ್ಮಿಕ. ಸುವರ್ಣಯುಗವನ್ನು ಸಾರುವ ದಾಖಲೆಯೇ ಅದರ ವಿರುದ್ಧ ಸಾಕ್ಷಿ ನುಡಿಯುವುದು ಹೀಗೆ. ದಾಖಲೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಾಧನೆಗಳ ಪಟ್ಟಿಯಲ್ಲಿರುವುದನ್ನು ಬಿಡಿಸಿ ಓದಿದರೆ ಸಾಕು.

ಇನ್ನು ಆ ಸುವರ್ಣದ ಕಾಲನಿರ್ಣಯ. ಸ್ವಾತಿ ತಿರುನಾಳನ ಕೃತಿಗಳು ಇಂದು ಕಚೇರಿಗಳಲ್ಲಿ ಕೇಳಿಬರುವ ರೂಪವನ್ನು ಪಡೆದದ್ದು ಬಹುಮಟ್ಟಿಗೆ 1930ರ ದಶಕದಲ್ಲಿ ಮತ್ತು ಅದರ ನಂತರ. ಅನೇಕ ಕೃತಿಗಳ ಸಾಹಿತ್ಯ ಉಳಿದಿತ್ತು, ವರ್ಣಮೆಟ್ಟು ಅಳಿದಿತ್ತು. ಅವನ್ನು ಸಂಗ್ರಹಿಸಿ ರಾಗ ಸಂಯೋಜಿಸುವ ಕೆಲಸಕ್ಕೆ ತಿರುವಾಂಕೂರಿನ ಅರಮನೆ ಕರೆಸಿಕೊಂಡದ್ದು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರನ್ನು. 1939ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಯಾದ, ಮುಂದೆ ಸ್ವಾತಿ ತಿರುನಾಳನ ಹೆಸರಿನಲ್ಲೇ ಪ್ರಸಿದ್ಧವಾದ ಸಂಗೀತ ವಿದ್ಯಾಸಂಸ್ಥೆಗೆ ಅವರೇ ಮೊದಲ ಪ್ರಾಂಶುಪಾಲರು. ಅವರ ಅನಂತರ ಶೆಮ್ಮಂಗುಡಿ ಶ್ರೀನಿವಾಸಯ್ಯರ್ ಆ ಕೆಲಸವನ್ನು ಮುಂದುವರಿಸಿದರು. ಮುತ್ತಯ್ಯ ಭಾಗವತರು ಕನ್ನಡಿಗರಿಗೆ ಹೊಸಬರಲ್ಲ. ಅದಕ್ಕೆ ಮೊದಲು ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದ್ವಾಂಸರಾಗಿದ್ದು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ನೂರೆಂಟು ಕೃತಿಗಳನ್ನು ರಚಿಸಿದವರು ಅವರು. ಒಂದು ಅರಮನೆಗೆ ಹೊಸ ಕೃತಿಗಳನ್ನು ಕಟ್ಟಿಕೊಟ್ಟ ಕೈಯೇ ಇನ್ನೊಂದು ಅರಮನೆಗೆ ಹಳೆಯ ಕೃತಿಗಳಿಗೆ ದನಿ ಕೊಟ್ಟಿತು. 1980ರ ದಶಕದಲ್ಲಿ ವೀಣಾವಾದಕ ಎಸ್. ಬಾಲಚಂದರ್ ಸ್ವಾತಿ ತಿರುನಾಳನ ವಾಗ್ಗೇಯಕಾರತ್ವವನ್ನೇ ಅಲ್ಲಗಳೆದು ಎಬ್ಬಿಸಿದ ವಿವಾದ ಅತಿರೇಕದ್ದು. ಅವನು ಕವಿಯೂ ಸಂಗೀತಜ್ಞನೂ ಆಗಿದ್ದನೆಂಬುದನ್ನು ಸಂಶಯಿಸಲು ಸಾಕಷ್ಟು ಕಾರಣಗಳಿಲ್ಲ. ಆದರೆ ನಾವು ಇಂದು ಕೇಳಿ ತಲೆದೂಗುವ ಆ ಯುಗದ ನಾದದಲ್ಲಿ ಇಪ್ಪತ್ತನೆಯ ಶತಮಾನದ ಪಾಲು ಎಷ್ಟೆಂಬ ಪ್ರಶ್ನೆ ಉಳಿದೇ ಇದೆ.

1930ರ ದಶಕವೇ ಏಕೆ? ತಿರುವಾಂಕೂರು ಆಗ ತನ್ನನ್ನು ಭಾರತದ ಮಾದರಿ ಸಂಸ್ಥಾನವೆಂದು ಬಿಂಬಿಸಿಕೊಳ್ಳುತ್ತಿತ್ತು. 1932ರಿಂದ ಈಳವರು, ಕ್ರೈಸ್ತರು, ಮುಸಲ್ಮಾನರು ಕೂಡಿ ನಡೆಸಿದ ನಿವರ್ತನ ಚಳವಳಿ ಶಾಸನಸಭೆಯಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಪಾಲು ಕೇಳುತ್ತಿತ್ತು. 1935ರಲ್ಲಿ ಅಂಬೇಡ್ಕರರು ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಮೇಲೆ ಈಳವರಲ್ಲಿ ಮತಾಂತರದ ಮಾತು ಬಲವಾಯಿತು. ಅರಮನೆ ತನ್ನ ಪೂರ್ವಜನ ಸಂಗೀತವನ್ನು ಪುನಃ ಪ್ರತಿಷ್ಠಾಪಿಸಿದ್ದು ಇಂತಹ ಒತ್ತಡದ ದಿನಗಳಲ್ಲಿ. ಎರಡರ ನಡುವೆ ನೇರವಾದ ಕಾರ್ಯಕಾರಣ ಸಂಬಂಧವನ್ನು ಹೇಳಲು ನಾನು ಮುಂದಾಗುವುದಿಲ್ಲ. ಆದರೆ ಒಂದೇ ದಶಕದಲ್ಲಿ ಒಂದೇ ಅರಮನೆ ಮಾಡಿದ ಈ ಕೆಲಸಗಳನ್ನು ಸಂಗೀತದ ಚರಿತ್ರೆಯೆಂದೂ ಸಮಾಜದ ಚರಿತ್ರೆಯೆಂದೂ ಎರಡು ಪುಸ್ತಕಗಳಲ್ಲಿ ಬೇರ್ಪಡಿಸಿಟ್ಟರೆ ಸುವರ್ಣಯುಗಕ್ಕೆ ಅದಕ್ಕಿಂತ ಹೆಚ್ಚಿನ ರಕ್ಷಣೆ ಬೇಕಾಗದು.

ಇದಕ್ಕಿಂತ ಹಳೆಯ, ಇದಕ್ಕಿಂತ ವಿಸ್ತಾರವಾದ ಇನ್ನೊಂದು ಸುವರ್ಣಯುಗವನ್ನು ಕಟ್ಟಿದ ಕೀರ್ತಿ ತಿರುವನಂತಪುರದ ಯೂನಿವರ್ಸಿಟಿ ಕಾಲೇಜಿನ ಮಲಯಾಳ ಪ್ರಾಧ್ಯಾಪಕರಾಗಿದ್ದ ಇಳಂಕುಳಂ ಕುಂಞನ್ ಪಿಳ್ಳೆಯವರಿಗೆ (1904–1973) ಸಲ್ಲುತ್ತದೆ. ಅವರಿಗಿಂತ ಮೊದಲು ಕೇರಳದ ಮಧ್ಯಯುಗವೆಂದರೆ ‘ಕೇರಳೋತ್ಪತ್ತಿ’ಯಲ್ಲಿ ಬರುವ ಚೇರಮಾನ್ ಪೆರುಮಾಳನ ಐತಿಹ್ಯವಷ್ಟೇ. (ಆ ‘ಕೇರಳೋತ್ಪತ್ತಿ’ಯನ್ನು ಗುಂಡರ್ಟ್ 1843ರಲ್ಲಿ ಅಚ್ಚು ಹಾಕಿಸಿದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ; ಅದೇ ವರ್ಷ ಅಲ್ಲಿಂದಲೇ ‘ಮಂಗಳೂರ ಸಮಾಚಾರ’ವೂ ಹೊರಟಿತು.) ಇಳಂಕುಳಂ ಶಾಸನಗಳನ್ನು ಓದಿ, ಒಂಬತ್ತರಿಂದ ಹನ್ನೆರಡನೆಯ ಶತಮಾನದ ಆರಂಭದವರೆಗೆ ಮಹೋದಯಪುರವನ್ನು, ಅಂದರೆ ಕೊಚ್ಚಿಯ ಉತ್ತರಕ್ಕಿರುವ ಕೊಡುಂಗಲ್ಲೂರನ್ನು, ರಾಜಧಾನಿಯಾಗಿಸಿಕೊಂಡು ಇಡೀ ಕೇರಳವನ್ನು ಆಳಿದ ಎರಡನೆಯ ಚೇರ ಸಾಮ್ರಾಜ್ಯವೊಂದನ್ನು ನಮ್ಮ ಮುಂದಿಟ್ಟರು. ಚೋಳರೊಡನೆ ನಡೆದ ನೂರು ವರ್ಷಗಳ ಯುದ್ಧ ಆ ಸಾಮ್ರಾಜ್ಯವನ್ನು ಕೆಡವಿತು. ನಂಬೂದಿರಿಗಳ ಭೂಒಡೆತನ, ಅಳಿಯಸಂತಾನಕ್ಕೆ ಸಮಾನವಾದ ಮರುಮಕ್ಕತ್ತಾಯ, ಜಾತಿಯ ಕಾಠಿಣ್ಯ, ಎಲ್ಲವೂ ಈ ಯುದ್ಧದ ಫಲ ಎಂಬುದು ಅವರ ವಾದ. ಇದರ ಆಕರ್ಷಣೆ ಎಲ್ಲಿದೆಯೆಂದು ನೋಡಬೇಕು. ಒಮ್ಮೆ ಒಂದಾಗಿದ್ದ ಕೇರಳ, ಹೊರಗಿನ ಯುದ್ಧದಿಂದ ಒಡೆದ ಕೇರಳ, ಜಾತಿಯ ಕಳಂಕ ಆಮೇಲೆ ಅಂಟಿಕೊಂಡ ಕೇರಳ. ಐಕ್ಯಕೇರಳದ ಬೇಡಿಕೆ ಬಲಗೊಂಡು 1956ರ ನವೆಂಬರ್ 1ರಂದು ಫಲಿಸಿದ ಕಾಲಕ್ಕೆ ಇದಕ್ಕಿಂತ ಒಪ್ಪುವ ಪೂರ್ವಕಥೆ ಇನ್ನಾವುದಿದ್ದೀತು? ಅದೇ ದಿನ ಕಾಸರಗೋಡು ಕನ್ನಡಿಗರ ಕೈತಪ್ಪಿತೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.

ಈ ಕಥೆಯನ್ನು ಬೇರುಸಹಿತ ಕೀಳಹೊರಟವರು ಪಿ.ಕೆ. ಬಾಲಕೃಷ್ಣನ್. ಕೊಚ್ಚಿಯ ಬಳಿಯ ವೈಪಿನ್ ದ್ವೀಪದ ಎಡವನಕ್ಕಾಡಿನಲ್ಲಿ ಹುಟ್ಟಿದ ಇವರು ಪತ್ರಕರ್ತರು, ಕರ್ಣನನ್ನೂ ದ್ರೌಪದಿಯನ್ನೂ ಕೇಂದ್ರದಲ್ಲಿಟ್ಟು ಬರೆದ ಕಾದಂಬರಿಯಿಂದ ಪ್ರಸಿದ್ಧರು, ವೃತ್ತಿಯಿಂದ ಚರಿತ್ರಕಾರರಲ್ಲ. 1983ರಲ್ಲಿ ಪ್ರಕಟವಾದ ‘ಜಾತಿವ್ಯವಸ್ಥಿತಿಯುಂ ಕೇರಳಚರಿತ್ರವುಂ’ ಗ್ರಂಥದಲ್ಲಿ ಅವರು ಎತ್ತಿದ ಪ್ರಶ್ನೆಗಳು ಬಹಳ ಸರಳವಾದವು. ಸಾಮ್ರಾಜ್ಯವಿದ್ದರೆ ರಸ್ತೆಗಳೆಲ್ಲಿ? ಗಾಡಿ ಸಾಗುವ ದಾರಿಯೇ ಇಲ್ಲದ ನಾಡಿನಲ್ಲಿ ದಂಡು ಹೇಗೆ ನಡೆಯಿತು? ಪಟ್ಟಣಗಳ ಅವಶೇಷವೇ ಇಲ್ಲದಲ್ಲಿ ರಾಜಧಾನಿಯೆಂದರೆ ಏನು? ಜಾತಿ ಯುದ್ಧದಿಂದ ಹುಟ್ಟಿತೆಂಬುದನ್ನು ಒಪ್ಪದೆ, ಅದು ಆ ಸಮಾಜದ ಮೂಳೆಯಲ್ಲೇ ಇತ್ತೆಂದು ಅವರು ವಾದಿಸಿದರು. ವೃತ್ತಿಪರ ಚರಿತ್ರಕಾರರು ಈ ಪುಸ್ತಕವನ್ನು ಬಹುಕಾಲ ಹೊರಗಿನವನ ಆಕ್ರೋಶವೆಂಬಂತೆ ಕಂಡರು. ಅದು ಅನ್ಯಾಯ. ಆದರೆ ಬಾಲಕೃಷ್ಣನ್ ತಮ್ಮ ವಾದದ ಭರದಲ್ಲಿ ಶಾಸನಗಳು ಸ್ಪಷ್ಟವಾಗಿ ಹೇಳುವುದನ್ನೂ ತಳ್ಳಿಹಾಕುತ್ತಾರೆ; ಸುವರ್ಣಯುಗವನ್ನು ಅಳಿಸಿದ ಜಾಗದಲ್ಲಿ ಬರೀ ಕಾಡನ್ನು ನೆಡುತ್ತಾರೆ. ಇದು ತಲೆಕೆಳಗು ಮಾಡಿದ ಪುರಾಣ.

ಈ ಎರಡರ ನಡುವಿನ ದಾರಿ ಎಂ.ಜಿ.ಎಸ್. ನಾರಾಯಣನ್ ಅವರದು. 1972ರಲ್ಲಿ ಕೇರಳ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ, 1996ರಲ್ಲಷ್ಟೇ ಪುಸ್ತಕವಾಗಿ ಹೊರಬಂದ ‘ಪೆರುಮಾಳ್ಸ್ ಆಫ್ ಕೇರಳ’ ಎಂಬ ಅವರ ಮಹಾಪ್ರಬಂಧ ಶಾಸನಗಳನ್ನು ಒಂದೊಂದಾಗಿ ಪರಿಶೀಲಿಸಿ, ನೂರು ವರ್ಷಗಳ ಯುದ್ಧಕ್ಕೆ ಆಧಾರವಿಲ್ಲವೆಂದೂ ಪೆರುಮಾಳನ ಸುತ್ತ ಬ್ರಾಹ್ಮಣ ಗ್ರಾಮಗಳ ಪ್ರಭುತ್ವವೇ ಬಲವಾಗಿತ್ತೆಂದೂ ತೋರಿಸಿತು. ಮುಂದೆ ಅವರು ಪೆರುಮಾಳನದು ವಿಧಿರೂಪದ ಸಾರ್ವಭೌಮತ್ವವೆಂದೇ ಹೇಳಿದರು. 2025ರ ಏಪ್ರಿಲ್‌ನಲ್ಲಿ ತೀರಿಕೊಂಡ ಈ ವಿದ್ವಾಂಸರಿಂದ ನಮ್ಮ ಶಾಸನತಜ್ಞರು ಕಲಿಯಬೇಕಾದುದು ಅವರ ನಿರ್ಣಯಗಳಿಗಿಂತ ಹೆಚ್ಚಾಗಿ ಅವರ ಜಿಪುಣತನವನ್ನು: ಶಾಸನ ಕೊಟ್ಟಷ್ಟನ್ನು ಮಾತ್ರ ತೆಗೆದುಕೊಳ್ಳುವ ಗುಣವನ್ನು. ಇದೇ ಕಾಲದ, 849ರ ಕೊಲ್ಲಂನ ತರಿಸಾಪಳ್ಳಿ ತಾಮ್ರಪಟ ಒಂದು ಕ್ರೈಸ್ತ ದೇವಾಲಯಕ್ಕೆ ಹಕ್ಕುಗಳನ್ನು ನೀಡುತ್ತದೆಂಬ ಕಾರಣಕ್ಕೆ ಮತಸಹಿಷ್ಣುತೆಯ ಸಾಕ್ಷಿಯಾಗಿ ಉಲ್ಲೇಖಗೊಳ್ಳುತ್ತದೆ. ಆ ದೇವಾಲಯಕ್ಕೆ ಈಳವರ, ವಣ್ಣಾನರ ಕುಟುಂಬಗಳನ್ನೂ ಒಪ್ಪಿಸಲಾಯಿತೆಂದು ಅದೇ ತಾಮ್ರಪಟ ಹೇಳುವುದನ್ನು ಉಲ್ಲೇಖಿಸುವವರು ಕಡಿಮೆ.

ಕೊಚ್ಚಿಯ ಪುರಾಣ ಬೇರೆ ಬಗೆಯದು. ಅಲ್ಲಿ ವೈಭವದ ಹೆಸರು ಸರ್ವದೇಶೀಯತೆ. ಕ್ರಿ.ಶ. 1000ದ ಸುಮಾರಿಗೆ ಪೆರುಮಾಳ್ ಭಾಸ್ಕರ ರವಿ ಯೆಹೂದಿ ವರ್ತಕ ಜೋಸೆಫ್ ರಬ್ಬಾನನಿಗೆ ಎಪ್ಪತ್ತೆರಡು ಗೌರವಗಳನ್ನು ಇತ್ತ ತಾಮ್ರಪಟಗಳು ಮಟ್ಟಾಂಚೇರಿಯ ಪರದೇಶಿ ಯೆಹೂದಿಗಳ ಬಳಿ ಉಳಿದು ಬಂದವು. 1568ರಲ್ಲಿ ಕಟ್ಟಿದ ಅವರ ಸಭಾಮಂದಿರವನ್ನು ನೋಡಲು ಬರುವವರೆಲ್ಲ ಈ ಔದಾರ್ಯದ ಕಥೆ ಕೇಳಿ ಹೋಗುತ್ತಾರೆ. 2012ರಲ್ಲಿ ಆರಂಭವಾದ ಕಲಾ ದ್ವೈವಾರ್ಷಿಕವು ಪ್ರಾಚೀನ ಬಂದರು ಮುಜಿರಿಸ್‌ನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡಿತು; 2007ರಿಂದ ಉತ್ಖನನ ನಡೆದ ಪಟ್ಟಣಂ ಗ್ರಾಮವೇ ಆ ಮುಜಿರಿಸ್ ಎಂಬುದು ವಿದ್ವಾಂಸರಲ್ಲಿ ವಿವಾದಾಸ್ಪದವಾಗಿದ್ದಾಗಲೇ ಪ್ರವಾಸೋದ್ಯಮಕ್ಕೆ ಅದು ಸಿದ್ಧವಸ್ತುವಾಗಿಬಿಟ್ಟಿತ್ತು. ಆದರೆ ಆ ಮಟ್ಟಾಂಚೇರಿಯ ಸಭಾಮಂದಿರದಲ್ಲಿಯೇ, ಬಿಡುಗಡೆ ಹೊಂದಿದ ಗುಲಾಮರ ವಂಶದವರೆನ್ನಲಾದ ಯೆಹೂದಿಗಳು ಇತರರೊಡನೆ ಸಮಾನರಾಗಿ ಕೂರುವಂತಿರಲಿಲ್ಲ. ಅವರಲ್ಲೊಬ್ಬರಾದ ವಕೀಲ ಎ.ಬಿ. ಸೇಲಂ (1882–1967) ಗಾಂಧೀಜಿಯ ಮಾರ್ಗದಲ್ಲಿ ಆ ಮಂದಿರದಲ್ಲೇ ಸತ್ಯಾಗ್ರಹ ಹೂಡಬೇಕಾಯಿತು. ಹೊರಗಿನವರನ್ನು ಬರಮಾಡಿಕೊಂಡ ಬಂದರು ಒಳಗಿನವರನ್ನು ಹೇಗೆ ಕೂರಿಸಿತೆಂಬುದು ಸರ್ವದೇಶೀಯತೆಯ ಕಥೆಯಲ್ಲಿ ಬರುವುದಿಲ್ಲ.

ಈಗ ‘ನವೋತ್ಥಾನ’. ಮಲಯಾಳಿಗಳು ರೆನೈಸಾನ್ಸಿಗೆ ಈ ಪದವನ್ನು ಆಯ್ದುಕೊಂಡರು. ನಾವು ಸಾಹಿತ್ಯಕ್ಕೆ ‘ನವೋದಯ’ವನ್ನೂ ಯುರೋಪಿನ ಚರಿತ್ರೆಗೆ ‘ಪುನರುಜ್ಜೀವನ’ವನ್ನೂ ಇಟ್ಟುಕೊಂಡೆವು. ಮೂರು ಪದಗಳೂ ಒಂದೊಂದು ಹಿನ್ನೆಲೆಯನ್ನು ಕೇಳುತ್ತವೆ: ಉತ್ಥಾನಕ್ಕೆ ನಿದ್ದೆ, ಉದಯಕ್ಕೆ ರಾತ್ರಿ, ಪುನರುಜ್ಜೀವನಕ್ಕೆ ಸಾವು. ಹೀಗಾಗಿ ನವೋತ್ಥಾನದ ಕಥೆ ಹೇಳುವಾಗಲೆಲ್ಲ ಅದಕ್ಕೆ ಮೊದಲಿನ ಕೇರಳವನ್ನು ಮಲಗಿಸಲೇಬೇಕಾಗುತ್ತದೆ. ಆದರೆ ಯಾರು ಮಲಗಿದ್ದರು? ದಕ್ಷಿಣ ತಿರುವಾಂಕೂರಿನ ನಾಡಾರ್ ಸ್ತ್ರೀಯರು ಮೇಲುಡುಗೆಯ ಹಕ್ಕಿಗಾಗಿ ನಡೆಸಿದ ಹೋರಾಟ 1820ರ ದಶಕದಲ್ಲೇ ಆರಂಭವಾಗಿ 1859ರ ರಾಜಾಜ್ಞೆಯವರೆಗೆ ನಡೆಯಿತು. 1893ರಲ್ಲಿ ವೆಂಗಾನೂರಿನ ಅಯ್ಯಂಕಾಳಿ, ಪುಲಯರಿಗೆ ನಿಷೇಧವಿದ್ದ ಸಾರ್ವಜನಿಕ ದಾರಿಯಲ್ಲಿ ಎತ್ತಿನ ಗಾಡಿ ಓಡಿಸಿದ. ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯದಿದ್ದರೆ ಹೊಲಕ್ಕೆ ಇಳಿಯುವುದಿಲ್ಲವೆಂದು ಅವನ ಜನ ಕೆಲಸ ನಿಲ್ಲಿಸಿದರು. 1913ರಲ್ಲಿ ಪಂಡಿತ ಕೆ.ಪಿ. ಕರುಪ್ಪನ್ ಮತ್ತು ಪುಲಯ ಮುಖಂಡರು ಕೊಚ್ಚಿಯ ಹಿನ್ನೀರಿನಲ್ಲಿ ದೋಣಿಗಳನ್ನು ಕೂಡಿಸಿಕಟ್ಟಿ ಸಭೆ ಸೇರಿದರು. ಸಭೆಗೆ ನೆಲ ಕೊಡುವವರಿರಲಿಲ್ಲ, ನೀರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇವು ನಿದ್ದೆಯಿಂದ ಎದ್ದವರ ಕೆಲಸಗಳಲ್ಲ. ಎಂದೂ ಮಲಗಲು ಬಿಡದವರ ನಡುವೆ ಬದುಕಿದವರ ಕೆಲಸಗಳು.

ಜನಪ್ರಿಯ ಕಥನದಲ್ಲಿ ಈ ಎಲ್ಲ ಹೊಳೆಗಳೂ 1936ರ ನವೆಂಬರ್ 12ರ ದೇವಾಲಯ ಪ್ರವೇಶ ಘೋಷಣೆ ಎಂಬ ಸಮುದ್ರವನ್ನು ಸೇರುತ್ತವೆ. ಮಹಾದೇವ ದೇಸಾಯಿಯವರು ಮರುವರ್ಷವೇ ಅದನ್ನು ತಿರುವಾಂಕೂರಿನ ಮಹಾಕಾವ್ಯವೆಂದು ಕೊಂಡಾಡಿ ಪುಸ್ತಕ ಬರೆದರು. ಘೋಷಣೆಯ ಮಹತ್ತ್ವವನ್ನು ಕಡಿಮೆ ಮಾಡಬೇಕಾಗಿಲ್ಲ. ನೆರೆಯ ಕೊಚ್ಚಿಯಲ್ಲಿ ಅದೇ ಬಾಗಿಲು ತೆರೆಯಲು ಮತ್ತೆ ಹತ್ತು ವರ್ಷಗಳಿಗೂ ಮೀರಿದ ಕಾಲ ಬೇಕಾಯಿತು. ಆದರೆ ಹೋರಾಟಗಾರರ ಬೇಡಿಕೆ ಅರಸನ ಕೊಡುಗೆಯಾಗಿ ಮಾರ್ಪಟ್ಟಿತು. ಭೂಮಿಯ ಪ್ರಶ್ನೆ ಹಿಂದೆ ಸರಿದು ದೇವರ ದರ್ಶನದ ಪ್ರಶ್ನೆ ಮುಂದೆ ಬಂತು. 1970ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಗೇಣಿಯ ಹಕ್ಕೂ ಇಲ್ಲದೆ ಕೂಲಿಯಾಗಿದ್ದ ದಲಿತರಿಗೆ ಹೆಚ್ಚಾಗಿ ದೊರೆತದ್ದು ಗುಡಿಸಲಿನ ಅಡಿಯ ತುಂಡುನೆಲ. ಗುಲಾಮಗಿರಿಯ ನೆನಪನ್ನು ಆಧುನಿಕ ಕೇರಳದ ಕೇಂದ್ರಕ್ಕೆ ತಂದ ಸನಲ್ ಮೋಹನ್ ಅವರ ಅಧ್ಯಯನ (2015) ಪೊಯ್ಕಯಿಲ್ ಯೋಹನ್ನಾನರ ಸಂಪ್ರದಾಯವನ್ನು ಆಧರಿಸಿದ್ದು ಆಕಸ್ಮಿಕವಲ್ಲ. ತನ್ನ ಜನರ ಚರಿತ್ರೆ ಯಾವ ಪುಸ್ತಕದಲ್ಲಿಯೂ ಕಾಣದೆಂಬ ಕೊರಗು ಆ ಸಂಪ್ರದಾಯದ ಹಾಡುಗಳ ಮೂಲದಲ್ಲಿದೆ. ಸುಧಾರಣೆಯು ಹೆಣ್ಣನ್ನು ಬಿಡಿಸಿದ್ದೆಷ್ಟು, ಹೊಸ ಗೃಹಿಣಿಯಾಗಿ ಮರಳಿ ಕಟ್ಟಿದ್ದೆಷ್ಟು ಎಂಬುದನ್ನು ಜೆ. ದೇವಿಕಾ 2007ರಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಶಬರಿಮಲೆಯ ತೀರ್ಪಿನ (2018) ಬಳಿಕ, 2019ರ ಜನವರಿ 1ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ 620 ಕಿಲೋಮೀಟರುಗಳ ಉದ್ದಕ್ಕೆ ಹೆಂಗಸರು ಸಾಲಾಗಿ ನಿಂತದ್ದು ‘ನವೋತ್ಥಾನ ಮೌಲ್ಯ’ಗಳ ಹೆಸರಿನಲ್ಲಿ. ಸರಕಾರವೇ ಬೆಂಬಲಕ್ಕೆ ನಿಂತ ಸಾಲು ಅದು. ಅಷ್ಟು ದೊಡ್ಡ ಸಾಲಿಗೆ ಹಳೆಯದೊಂದು ಯುಗದ ಹೆಸರು ಬೇಕಾಯಿತೆಂಬುದೇ ಆ ಹೆಸರು ಇಂದಿಗೂ ಮಾಡುತ್ತಿರುವ ಕೆಲಸವನ್ನು ತೋರಿಸುತ್ತದೆ.

ಇದೆಲ್ಲ ಕೇರಳದ ಮಾತಾಯಿತು. ನಮ್ಮ ಮನೆಯ ಕಡೆಗೂ ನೋಡಬೇಕು. ಪಂಪನ ಹತ್ತನೆಯ ಶತಮಾನವನ್ನು ಕನ್ನಡ ಸಾಹಿತ್ಯದ ಸುವರ್ಣಯುಗವೆಂದು ಕೈಪಿಡಿಗಳು ಇಂದಿಗೂ ಹೇಳುತ್ತವೆ. ಅದು ಇಳಂಕುಳಂ ಅವರ ಚೇರ ಸಾಮ್ರಾಜ್ಯದ ಸಮಕಾಲೀನ ಯುಗ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ, ಏಕೀಕರಣದ ಮಾತು ಬಲಿಯುತ್ತಿದ್ದಾಗ. ವೆಂಕಟರಾಯರ ಉದ್ದೇಶ ಶುದ್ಧವಾದುದು, ಅವರ ಪುಸ್ತಕ ಆ ಕಾಲಕ್ಕೆ ಅಗತ್ಯವಾಗಿದ್ದುದೂ ನಿಜ. ಆದರೆ ಹೊರರಾಜ್ಯಗಳಲ್ಲಿ ಕನ್ನಡ ಕಲಿಸುವ ನಮಗೆ ಅದು ಇನ್ನೂ ಹೆಚ್ಚು ಅಗತ್ಯವಾಗಿ ಕಾಣುತ್ತದೆ. ಪರಭಾಷೆಯ ನಡುವೆ ನಿಂತು ನಮ್ಮದೂ ಒಂದು ವೈಭವವಿತ್ತೆಂದು ಹೇಳಬೇಕಾದವರು ನಾವು. ಈ ಅಗತ್ಯವೇ ನಮ್ಮ ಸಂಶೋಧನೆಯ ಕೈಯನ್ನು ಹಿಡಿಯುತ್ತಿದೆ. ಮಲಯಾಳದಲ್ಲಿ ಬಾಲಕೃಷ್ಣನ್ ಬರೆದಂತಹ ಒರಟು ಪುಸ್ತಕವೊಂದನ್ನು ಕನ್ನಡದ ವಿಜಯನಗರದ ಬಗ್ಗೆ, ನವೋದಯದ ಬಗ್ಗೆ ಹೊರನಾಡಿನ ಕನ್ನಡ ವಿಭಾಗವೊಂದು ಬರೆಸಬಲ್ಲುದೇ?

ಆರಂಭಿಸುವುದಾದರೆ ಒಂದು ಒಳ್ಳೆಯ ವಿಷಯ ಕೈಯಳತೆಯಲ್ಲೇ ಇದೆ. ಡಾ. ಪಿ. ಪಲ್ಪು ವೈದ್ಯಕೀಯ ಪದವಿ ಪಡೆದರೂ ಈಳವನೆಂಬ ಕಾರಣಕ್ಕೆ ತಿರುವಾಂಕೂರಿನ ಸರಕಾರಿ ಸೇವೆಗೆ ಸೇರಲಾಗದೆ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಬೆಂಗಳೂರಿನಲ್ಲಿ ಪ್ಲೇಗು ಹರಡಿದಾಗ ಅಲ್ಲಿ ದುಡಿದವರು. 1896ರಲ್ಲಿ 13,176 ಮಂದಿಯ ರುಜುವಿನೊಡನೆ ತಿರುವಾಂಕೂರಿನ ಅರಸನಿಗೆ ಸಲ್ಲಿಸಿದ ಈಳವ ಮನವಿಯ ಹಿಂದೆ ಇದ್ದವರು ಅವರೇ. ಪಲ್ಪು ಅವರ ಕಡೆಯಿಂದ ನೋಡಿದರೆ ಮೈಸೂರು ಉದಾರ ಸಂಸ್ಥಾನ. ಆದರೆ ಅದೇ ಮೈಸೂರಿನಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದ ಬ್ರಾಹ್ಮಣೇತರರು ಸರಕಾರಿ ಹುದ್ದೆಗಳಲ್ಲಿ ಪಾಲು ಕೇಳಿದರು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಆ ನೀತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಮೈಸೂರಿನ ಆ ದಶಕವನ್ನು ನಾವು ವಿಶ್ವವಿದ್ಯಾಲಯದ, ಸಾಹಿತ್ಯ ಪರಿಷತ್ತಿನ, ನವೋದಯದ ಮುಂಬೆಳಗಿನ ದಶಕವೆಂದು ಪಾಠ ಹೇಳುತ್ತೇವೆ. ಪಲ್ಪು ಅವರ ಮನವಿಯನ್ನೂ ಮಿಲ್ಲರ್ ಸಮಿತಿಯ ವರದಿಯನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, 1915ರಲ್ಲಿ ಆರಂಭವಾದ ಪರಿಷತ್ತಿನ ಮೊದಲ ವರ್ಷಗಳ ಭಾಷಣಗಳನ್ನು ಅವುಗಳ ನಡುವೆ ಓದುವ ಕೆಲಸಕ್ಕೆ ಮಲಯಾಳವೂ ಕನ್ನಡವೂ ಬಲ್ಲ ಸಂಶೋಧಕರು ಬೇಕು. ಕಾಸರಗೋಡಿನಲ್ಲಿ ಅಂಥವರಿದ್ದಾರೆ.